ಬೀದರ್ ಸೀಮೆಯ ‘ಹತ್ತು’ ಧಾತು: ಅರ್ಥವಿಸ್ತಾರ ಹಾಗೂ ಎರವಿನ ಪ್ರಶ್ನೆ

೧

ಯಾವ ಭಾಷೆಯಲ್ಲಿಯೇ ಆಗಲಿ, ನಿತ್ಯದ ಬಳಕೆಯಲ್ಲಿ ಸವೆದ ಕ್ರಿಯಾಪದಗಳೇ ಅರ್ಥದ ದೃಷ್ಟಿಯಿಂದ ಹೆಚ್ಚು ತೊಡಕಿನವಾಗಿರುತ್ತವೆ. ಸ್ಪ್ಯಾನಿಷ್ ಭಾಷೆಯ ‘ಎಚಾರ್’ ಎಂಬ ಧಾತುವನ್ನು ಉದಾಹರಣೆಗೆ ನೋಡಬಹುದು. ಅದರ ಮೂಲಾರ್ಥ ‘ಎಸೆ’ ಎಂದು. ಆದರೆ ಆ ಭಾಷೆಯವರು ನೀರನ್ನು ಸುರಿಯುವುದಕ್ಕೂ, ಮಧ್ಯಾಹ್ನದ ನಿದ್ರೆ ತೆಗೆಯುವುದಕ್ಕೂ, ದೂರವಾದವರಿಗಾಗಿ ಹಂಬಲಿಸುವುದಕ್ಕೂ, ಓಡಲು ತೊಡಗುವುದಕ್ಕೂ ಅದೊಂದನ್ನೇ ಬಳಸುತ್ತಾರೆ. ಇಂಥ ಬಹುರೂಪಿ ಧಾತುಗಳಿಗೆ ಕನ್ನಡದಲ್ಲಿಯೂ ಕೊರತೆಯಿಲ್ಲ. ಅವುಗಳಲ್ಲಿ ‘ಹತ್ತು’ ಎಂಬುದನ್ನು ಆರಿಸಿಕೊಂಡು, ಬೀದರ್ ನಗರ, ಭಾಲ್ಕಿ ಮತ್ತು ಔರಾದ್ ಪ್ರದೇಶದ ಆಡುನುಡಿಯಲ್ಲಿ ಅದು ಪಡೆದಿರುವ ಅರ್ಥಗಳನ್ನು ಪರಿಶೀಲಿಸುವುದೂ, ಆ ಅರ್ಥಗಳ ಮೂಲದ ಬಗ್ಗೆ ಪ್ರಚಲಿತವಾಗಿರುವ ಅಭಿಪ್ರಾಯವನ್ನು ವಿಮರ್ಶಿಸುವುದೂ ಈ ಲೇಖನದ ಉದ್ದೇಶ.

ಆ ಅಭಿಪ್ರಾಯ ಇಂತಿದೆ: ಬೀದರಿನವರ ‘ಎರಡು ತಾಸು ಹತ್ತತದ’, ‘ನೌಕರಿಗಿ ಹತ್ಯಾನ’, ‘ಮಾಡ್ಲಾಕತ್ತಾನ’ ಮುಂತಾದ ಮಾತುಗಳು ನಿಜವಾಗಿ ಕನ್ನಡವಲ್ಲ, ಮರಾಠಿಯ ‘ಲಾಗ್ಣೆ’, ಉರ್ದುವಿನ ‘ಲಗ್ನಾ’ ಎಂಬ ಕ್ರಿಯಾಪದಗಳ ಪ್ರಯೋಗಗಳನ್ನು ಕನ್ನಡದ ಶಬ್ದಗಳಿಂದ ತರ್ಜುಮೆ ಮಾಡಿದವು. ಈ ಮಾತು ಪಾಠಶಾಲೆಗಳಲ್ಲಿಯೂ ಸಭೆಗಳಲ್ಲಿಯೂ ಆಗಾಗ ಕೇಳಿಬರುತ್ತದೆ. ಬೀದರಿನ ವಿದ್ಯಾವಂತರೇ ‘ನಮ್ಮದು ಬೆರಕೆ ಭಾಷೆ’ ಎಂದು ಸಂಕೋಚದಿಂದ ಹೇಳಿಕೊಳ್ಳುವುದೂ ಉಂಟು.

ಇದು ಕೇವಲ ವ್ಯಾಕರಣದ ಚರ್ಚೆಯಾಗಿದ್ದರೆ ಇತಿಹಾಸದ ಅಧ್ಯಾಪಕನಿಗೆ ಇಲ್ಲಿ ಕೆಲಸವಿರುತ್ತಿರಲಿಲ್ಲ. ಆದರೆ ಈ ಸೀಮೆಯಲ್ಲಿ ಭಾಷೆಯು ಗಡಿಯ ಸಾಕ್ಷಿಯಾಗಿ ನಿಂತಿದೆ. ೧೯೫೬ರ ರಾಜ್ಯ ಪುನರ್ವಿಂಗಡಣೆಯಲ್ಲಿ ಹೈದರಾಬಾದ್ ಸಂಸ್ಥಾನದ ಬೀದರ್ ಜಿಲ್ಲೆ ಒಡೆದು, ಬೀದರ್, ಭಾಲ್ಕಿ, ಹುಮನಾಬಾದ್, ಔರಾದ್ ತಾಲೂಕುಗಳ ಪ್ರದೇಶ ಮೈಸೂರಿಗೂ, ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೂ, ಜಹೀರಾಬಾದ್, ನಾರಾಯಣಖೇಡ ಮುಂತಾದವು ಆಂಧ್ರಪ್ರದೇಶಕ್ಕೂ ಸೇರಿದುವು. ೧೯೬೬ರಲ್ಲಿ ನೇಮಕವಾದ ಮಹಾಜನ ಆಯೋಗವು ೧೯೬೭ರಲ್ಲಿ ವರದಿ ಸಲ್ಲಿಸಿದ ಮೇಲೆಯೂ ವಿವಾದ ಮುಗಿಯಲಿಲ್ಲ. ೨೦೨೨ರ ಡಿಸೆಂಬರಿನಲ್ಲಿ ಮಹಾರಾಷ್ಟ್ರದ ವಿಧಾನಮಂಡಲವು ಅಂಗೀಕರಿಸಿದ ಠರಾವಿನಲ್ಲಿಯೂ ಬೀದರ್, ಭಾಲ್ಕಿಗಳ ಹೆಸರುಗಳಿದ್ದುವು. ಹೀಗಿರುವಾಗ ಒಂದು ಜನದ ನಿತ್ಯದ ಮಾತು ಅವರದೇ ಅಲ್ಲವೆಂದು ಆಧಾರವನ್ನು ಪರೀಕ್ಷಿಸದೆ ಹೇಳುವುದು ಹಗುರವಾದ ಸಂಗತಿಯಲ್ಲ.

೨

ಮೊದಲು ಧಾತುವಿನ ಸ್ವರೂಪವನ್ನು ಗೊತ್ತುಮಾಡಿಕೊಳ್ಳಬೇಕು. ಸಂಖ್ಯಾವಾಚಕವಾದ ‘ಹತ್ತು’ ಬೇರೆ. ಗಿಡದ ‘ಹತ್ತಿ’ ಬೇರೆ. ಇವೆರಡೂ ಉಚ್ಚಾರದಲ್ಲಿ ಮಾತ್ರ ನಮ್ಮ ಧಾತುವನ್ನು ಹೋಲುತ್ತವೆ. ಕ್ರಿಯಾಪದವಾದ ‘ಹತ್ತು’ ಹಳಗನ್ನಡದ ‘ಪತ್ತು’ವಿನಿಂದ ಬಂದುದು. ಹತ್ತನೆಯ ಶತಮಾನದಿಂದೀಚೆಗೆ ಶಾಸನಗಳಲ್ಲಿ ಕಾಣತೊಡಗಿ ನಡುಗನ್ನಡದಲ್ಲಿ ನೆಲೆಗೊಂಡ ಪಕಾರ ಹಕಾರಗಳ ಪಲ್ಲಟವೇ ಇಲ್ಲಿಯೂ ನಡೆದಿದೆ. ಅದರ ಮೂಲಾರ್ಥ ‘ಅಂಟು, ಕೂಡಿಕೊಳ್ಳು, ಬಿಡದೆ ಹಿಡಿ’ ಎಂಬುದು. ಇದರ ಸಕರ್ಮಕ ರೂಪ ‘ಹಚ್ಚು’. ‘ಸಮೀಪ’ ಎಂಬರ್ಥದ ‘ಹತ್ತಿರ’ವೂ ಇದೇ ಬಳಗದ್ದು, ಅಂಟಿದಂತೆ ಇರುವುದೇ ಹತ್ತಿರವಿರುವುದಲ್ಲವೆ?

ಬರೋ ಮತ್ತು ಎಮೆನೋ ಅವರ ದ್ರಾವಿಡ ಜ್ಞಾತಿಪದ ನಿಘಂಟು (೧೯೬೧, ಪರಿಷ್ಕೃತ ಮುದ್ರಣ ೧೯೮೪) ಈ ಧಾತುವನ್ನು ತಮಿಳು, ಮಲಯಾಳಗಳ ‘ಪಱ್ಱು’ ಮತ್ತು ತೆಲುಗಿನ ‘ಪಟ್ಟು’ಗಳ ಜೊತೆಗೆ ಇರಿಸಿದೆ. ಅಂದಮೇಲೆ ಈ ಶಬ್ದದ ವಂಶದ ಬಗ್ಗೆ ವಿವಾದವಿಲ್ಲ. ವಿವಾದವಿರುವುದು ಅದರ ಅರ್ಥಗಳ ಬಗ್ಗೆ. ಶಬ್ದ ನಮ್ಮದಾಗಿದ್ದು ಅರ್ಥ ಎರವಿನದಾಗಿರುವುದು ಅಸಂಭವವೇನಲ್ಲ. ಆದುದರಿಂದ ಅರ್ಥಗಳನ್ನು ಒಂದೊಂದಾಗಿಯೇ ಪರೀಕ್ಷಿಸಬೇಕಾಗುತ್ತದೆ.

೩

ಬೀದರ್ ಸೀಮೆಯ ಆಡುನುಡಿಯಲ್ಲಿ ಈ ಧಾತುವಿನ ಪ್ರಯೋಗಗಳನ್ನು ಸ್ಥೂಲವಾಗಿ ಎಂಟು ಬಗೆಯಾಗಿ ವಿಂಗಡಿಸಬಹುದು.

(ಅ) ಅಂಟುವುದು: ‘ಕೈಗಿ ಎಣ್ಣಿ ಹತ್ಯದ’.

(ಆ) ಏರುವುದು: ‘ಗುಡ್ಡ ಹತ್ತು’, ‘ಬಸ್ ಹತ್ತು’. ಮರವನ್ನು ಏರುವವನು ಕೈಕಾಲುಗಳಿಂದ ಅದಕ್ಕೆ ಅಂಟಿಕೊಂಡೇ ಏರುತ್ತಾನೆ; ಆದುದರಿಂದ ಈ ಅರ್ಥ ಮೂಲಾರ್ಥಕ್ಕೆ ದೂರವಾದುದಲ್ಲ.

(ಇ) ಉರಿಯ ಸಂಬಂಧ: ‘ಒಲಿ ಹತ್ತು’, ‘ಬೆಂಕಿ ಹತ್ತು’, ಪಾತ್ರೆಯ ಅಡಿಯಲ್ಲಿ ಅನ್ನ ಸೀದರೆ ‘ತಳ ಹತ್ತು’.

(ಈ) ಮೈಗೋ ಮನಸ್ಸಿಗೋ ಒದಗುವುದು: ‘ನಿದ್ದಿ ಹತ್ಲಿಲ್ಲ’, ‘ಹುಚ್ಚು ಹತ್ಯದ’, ‘ಚಟ ಹತ್ಯದ’.

(ಉ) ಬೇಕಾಗುವುದು, ವೆಚ್ಚವಾಗುವುದು: ‘ಎರಡು ತಾಸು ಹತ್ತತದ’, ‘ರೊಕ್ಕ ಭಾಳ ಹತ್ತತಾವ’.

(ಊ) ಸೇರುವುದು: ‘ನೌಕರಿಗಿ ಹತ್ಯಾನ’.

(ಋ) ಆರಂಭ: ‘ಕೂಸು ಅಳ್ಲಾಕ ಹತ್ತಿತು’.

(ಎ) ನಡೆಯುತ್ತಿರುವ ಕ್ರಿಯೆ: ‘ಅವ ಉಣ್ಲಾಕತ್ತಾನ’, ಇನ್ನೂ ಸವೆದು ‘ಉಣ್ಲತ್ತಾನ’, ಗ್ರಂಥಭಾಷೆಯಲ್ಲಿ ‘ಉಣ್ಣುತ್ತಿದ್ದಾನೆ’.

ಇವುಗಳಲ್ಲಿ ಮೊದಲ ನಾಲ್ಕು ಹೆಚ್ಚುಕಡಮೆ ಕನ್ನಡನಾಡಿನಲ್ಲೆಲ್ಲ ಪರಿಚಿತವಾದುವು. ಆಕ್ಷೇಪಣೆಗೆ ಗುರಿಯಾಗಿರುವುವು ಕೊನೆಯ ನಾಲ್ಕು. ‘ದೋನ್ ತಾಸ್ ಲಾಗ್ತಾತ್’, ‘ನೋಕರೀಲಾ ಲಾಗ್ಲಾ’, ‘ರಡೂ ಲಾಗ್ಲಾ’ ಎಂಬ ಮರಾಠಿ ಪ್ರಯೋಗಗಳೂ, ‘ದೋ ಘಂಟೇ ಲಗ್ತೇ ಹೈಂ’, ‘ರೋನೇ ಲಗಾ’ ಎಂಬ ಉರ್ದು ಪ್ರಯೋಗಗಳೂ ಇವಕ್ಕೆ ಎಷ್ಟು ಸಮೀಪವಾಗಿವೆಯೆಂದರೆ, ಮೇಲುನೋಟಕ್ಕೆ ಎರವಿನ ವಾದವು ನಿರ್ವಿವಾದವೆಂದೇ ತೋರುತ್ತದೆ.

೪

ಆದರೆ ಹೋಲಿಕೆಯೇ ಎರವಿಗೆ ಪ್ರಮಾಣವಲ್ಲ. ಎರಡು ಊರುಗಳಲ್ಲಿ ಒಂದೇ ಬಗೆಯ ನಾಣ್ಯ ದೊರೆತ ಮಾತ್ರಕ್ಕೆ ಟಂಕಸಾಲೆ ಯಾವ ಊರಿನಲ್ಲಿತ್ತೆಂದು ನಿರ್ಧರಿಸಲಾಗದು. ಅದೇ ನಾಣ್ಯ ಮತ್ತೆಲ್ಲಿ ದೊರೆಯುತ್ತದೆ, ಎಲ್ಲಿ ದೊರೆಯುವುದಿಲ್ಲ ಎಂಬುದನ್ನೂ ನೋಡಬೇಕು. ಶಬ್ದಾರ್ಥಗಳ ವಿಷಯದಲ್ಲಿಯೂ ಈ ಕ್ರಮವನ್ನೇ ಅನುಸರಿಸಿದರೆ ಮೂರು ಸಂಗತಿಗಳು ಕಂಡುಬರುತ್ತವೆ.

ಮೊದಲನೆಯದಾಗಿ, ಮರಾಠಿಯ ಸಂಪರ್ಕವಿಲ್ಲದೆಡೆಯಲ್ಲಿಯೂ ಈ ಅರ್ಥಗಳಲ್ಲಿ ಕೆಲವು ಇವೆ. ತಮಿಳಿನಲ್ಲಿ ಬೆಂಕಿ ಹತ್ತಿಕೊಳ್ಳುವುದನ್ನು ‘ತೀ ಪಱ್ಱು’ ಎನ್ನುತ್ತಾರೆ. ಧಾತು ನಮ್ಮದರ ಸಹೋದರಿಯೇ. ತೆಲುಗಿನಲ್ಲಿ ‘ರೆಂಡು ಗಂಟಲು ಪಟ್ಟಿಂದಿ’ ಎಂದರೆ ಎರಡು ಗಂಟೆ ಹಿಡಿಯಿತು ಎಂದರ್ಥ. ‘ನಿದ್ರ ಪಟ್ಟಿಂದಿ’ ಎಂದರೆ ನಿದ್ದೆ ಹತ್ತಿತು. ಇಲ್ಲಿಯೂ ಧಾತು ಅದೇ ವಂಶದ್ದು. ದಕ್ಷಿಣ ಕರ್ನಾಟಕದವರು ‘ಹತ್ತು’ ಎನ್ನದಿದ್ದರೂ ‘ಎರಡು ಗಂಟೆ ಹಿಡಿಯುತ್ತದೆ’, ‘ಖರ್ಚು ತಗಲುತ್ತದೆ’ ಎನ್ನುತ್ತಾರೆ. ‘ಹಿಡಿ’, ‘ತಗಲು’ ಇವೆರಡೂ ಸ್ಪರ್ಶ ಮತ್ತು ಅಂಟುವಿಕೆಗಳನ್ನು ಹೇಳುವ ಧಾತುಗಳೇ. ಅಂದಮೇಲೆ ಅಂಟುವುದನ್ನು ಹೇಳುವ ಶಬ್ದದಿಂದ ವೆಚ್ಚವನ್ನು ಹೇಳುವ ಪದ್ಧತಿಗೆ ‘ಲಾಗ್ಣೆ’ಯ ಪ್ರೇರಣೆ ಬೇಕಾಗಿರಲಿಲ್ಲ. ಆರಂಭಾರ್ಥದ ವಿಷಯವೂ ಹೀಗೆಯೇ. ಗ್ರಂಥಭಾಷೆಯ ‘ತೊಡಗು’ ಎಂಬ ಧಾತುವಿಗೆ ‘ಸಿಕ್ಕಿಕೊಳ್ಳು, ಕೂಡಿಕೊಳ್ಳು’ ಎಂಬ ಅರ್ಥವೂ ಉಂಟು. ಸೇರಿಕೊಳ್ಳುವುದರಿಂದ ಆರಂಭಿಸುವುದಕ್ಕೆ ಸಾಗುವ ದಾರಿ ನಮ್ಮ ಭಾಷೆಗಳಿಗೆ ಮೊದಲಿನಿಂದಲೂ ಪರಿಚಿತವಾದುದೇ.

ಎರಡನೆಯದಾಗಿ, ‘ಲಾಗ್ಣೆ’ಯ ಅರ್ಥಗಳಲ್ಲಿ ಕೆಲವು ಬೀದರಿನ ‘ಹತ್ತು’ವಿಗೆ ಬಂದೇ ಇಲ್ಲ. ಮರಾಠಿಯಲ್ಲಿ ‘ಕರಾವೇ ಲಾಗ್ತೆ’ ಎಂಬುದು ಅನಿವಾರ್ಯತೆಯನ್ನು ಹೇಳುತ್ತದೆ. ಬೀದರಿನವರು ‘ಮಾಡಬೇಕಾಗತದ’ ಎನ್ನುತ್ತಾರೆಯೇ ಹೊರತು ಅಲ್ಲಿ ‘ಹತ್ತು’ವನ್ನು ತರುವುದಿಲ್ಲ. ಉರ್ದುವಿನಲ್ಲಿ ‘ಮುಝೇ ಲಗ್ತಾ ಹೈ’ ಎಂಬುದು ಅಭಿಪ್ರಾಯವನ್ನು ಸೂಚಿಸುತ್ತದೆ. ಬೀದರಿನಲ್ಲಿ ಅದು ‘ನನಗ ಅನಸ್ತದ’. ಮರಾಠಿಯಲ್ಲಿ ಪದಾರ್ಥದ ರುಚಿಯನ್ನು ‘ಗೋಡ್ ಲಾಗ್ತೆ’ ಎನ್ನುತ್ತಾರೆ. ಇಲ್ಲಿಯೂ ನಮ್ಮವರು ‘ಅನಿಸು’ವನ್ನೇ ಆಶ್ರಯಿಸುತ್ತಾರೆ. ತರ್ಜುಮೆಯೇ ನಡೆದಿದ್ದರೆ ಈ ಅರ್ಥಗಳು ಮಾತ್ರ ಹೊಸ್ತಿಲ ಆಚೆ ನಿಂತುದೇಕೆ? ಬೇಕು, ಆಗು, ಅನಿಸು ಎಂಬ ಕನ್ನಡದ ಶಬ್ದಗಳು ಆ ಸ್ಥಾನಗಳನ್ನು ಆಗಲೇ ಆಕ್ರಮಿಸಿಕೊಂಡಿದ್ದುವು ಎಂಬುದೇ ಉತ್ತರ. ಇನ್ನೊಂದು ಕಡೆ, ‘ಏರು’ ಎಂಬ ಅರ್ಥ ನಮ್ಮ ‘ಹತ್ತು’ವಿಗೆ ಉಂಟು, ‘ಲಾಗ್ಣೆ’ಗೆ ಇಲ್ಲ, ಅಲ್ಲಿ ಅದಕ್ಕೆ ‘ಚಢ್ಣೆ’ ಎಂಬ ಬೇರೆ ಶಬ್ದವಿದೆ. ಎರಡು ಧಾತುಗಳ ಅರ್ಥಕ್ಷೇತ್ರಗಳು ಒಂದರ ಮೇಲೊಂದು ಹಾಯ್ದಿವೆ, ಒಂದೇ ಆಗಿಲ್ಲ.

ಮೂರನೆಯದೂ ಮುಖ್ಯವಾದುದೂ ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಪ್ರಯೋಗ. ಬೀದರ್ ಸೀಮೆಯ ಕನ್ನಡದ ಗುರುತೆಂದು ಹೊರಗಿನವರು ಮೊದಲು ಗಮನಿಸುವುದೂ ಇದನ್ನೇ. ಪುಣೆಯ ಶಿಷ್ಟ ಮರಾಠಿಯಲ್ಲಿ ‘ಕರೂ ಲಾಗ್ಲಾ’ ಎಂದರೆ ‘ಮಾಡಲು ತೊಡಗಿದ’ ಎಂದಷ್ಟೇ ಅರ್ಥ. ‘ಮಾಡುತ್ತಿದ್ದಾನೆ’ ಎನ್ನಲು ‘ಕರತ್ ಆಹೇ’ ಎಂದು ಬೇರೆ ರಚನೆಯುಂಟು. ಉರ್ದುವಿನಲ್ಲಿ ‘ಕರ್ ರಹಾ ಹೈ’, ದಖನಿಯಲ್ಲಿ ಅದೇ ಸವೆದು ‘ಕರ್ರಾ’, ತೆಲುಗಿನಲ್ಲಿ ‘ಚೇಸ್ತುನ್ನಾಡು’. ಇವೆಲ್ಲವೂ ‘ಇರು, ಉಳಿ’ ಎಂಬ ಅರ್ಥದ ಧಾತುಗಳಿಂದ ಆದುವು. ‘ಅಂಟು’ ಎಂಬರ್ಥದ ಧಾತುವಿನಿಂದ ವರ್ತಮಾನದ ನಡೆಯನ್ನು ಹೇಳುವ ಕ್ರಮ ಇವುಗಳ ಶಿಷ್ಟ ರೂಪಗಳಲ್ಲಿ ಇಲ್ಲ. ತನ್ನಲ್ಲಿ ಇಲ್ಲದುದನ್ನು ಒಂದು ಭಾಷೆ ಇನ್ನೊಂದಕ್ಕೆ ಎರವು ಕೊಟ್ಟಿತೆನ್ನುವುದು ಹೇಗೆ?

೫

ಕನ್ನಡದಲ್ಲಿ ಈ ಪ್ರಯೋಗ ಹುಟ್ಟಿದ ಬಗೆಯನ್ನು ಕನ್ನಡದ ವ್ಯಾಕರಣದಿಂದಲೇ ವಿವರಿಸಬಹುದಾಗಿದೆ. ಉತ್ತರದ ಆಡುನುಡಿಯಲ್ಲಿ ‘ಬಂದಾನ’ ಎಂದರೆ ಬಂದಿದ್ದಾನೆ. ‘ಕುಂತಾನ’ ಎಂದರೆ ಕುಳಿತಿದ್ದಾನೆ, ಅಂದರೆ ಈಗಲೂ ಕುಳಿತೇ ಇದ್ದಾನೆ. ಕ್ರಿಯೆ ಹಿಂದೆ ನಡೆದು ಅದರ ಫಲ ಈಗಲೂ ನಿಂತಿರುವುದನ್ನು ಈ ರೂಪ ತಿಳಿಸುತ್ತದೆ. ‘ಹತ್ಯಾನ’ ಎಂಬುದೂ ಇದೇ ಅಚ್ಚಿನ ರೂಪ. ಆದುದರಿಂದ ‘ಉಣ್ಲಾಕ ಹತ್ತಿದ’ ಎಂದರೆ ಉಣ್ಣಲು ತೊಡಗಿದ. ‘ಉಣ್ಲಾಕ ಹತ್ಯಾನ’ ಎಂದರೆ ಉಣ್ಣುವುದಕ್ಕೆ ಅಂಟಿಕೊಂಡವನು ಇನ್ನೂ ಅದನ್ನು ಬಿಟ್ಟಿಲ್ಲ, ಅಂದರೆ ಉಣ್ಣುತ್ತಿದ್ದಾನೆ. ಮುಂದೆ ಆಡುಮಾತಿನ ವೇಗದಲ್ಲಿ ಹಕಾರ ಲೋಪವಾಗಿ ‘ಉಣ್ಲಾಕತ್ತಾನ’ ಎಂದೂ, ಮತ್ತೂ ಕುಗ್ಗಿ ‘ಉಣ್ಲತ್ತಾನ’ ಎಂದೂ ಆಯಿತು. ಹಳಗನ್ನಡದ ಪಕಾರ ಹಕಾರವಾಗಿ, ಹಕಾರ ಶೂನ್ಯವಾಗಿ, ಧಾತುವು ಬರಿಯ ಪ್ರತ್ಯಯದಂತೆ ಉಳಿದಿದೆ. ಕೆಟ್ಟ ಉಚ್ಚಾರವೆಂದು ತೋರುವ ಈ ರೂಪದೊಳಗೆ ಸಾವಿರ ವರ್ಷದ ಧ್ವನಿವ್ಯತ್ಯಾಸ ಅಡಗಿದೆ.

ಈ ಪ್ರಯೋಗದ ಹರವನ್ನೂ ನೋಡಬೇಕು. ಧಾರವಾಡ, ಗದಗ, ಕೊಪ್ಪಳ, ರಾಯಚೂರುಗಳಲ್ಲಿಯೂ ‘ಮಾಡಾಕ ಹತ್ಯಾನ’, ‘ಮಾಡಾಕತ್ತಾನ’ ಎಂಬ ರೂಪಗಳುಂಟು. ಉತ್ತರ ಕರ್ನಾಟಕಕ್ಕೆಲ್ಲ ಮರಾಠಿಯ ಸಂಪರ್ಕ ಬಹುಕಾಲ ಇತ್ತೆಂದು ಇಲ್ಲಿ ಆಕ್ಷೇಪಿಸಬಹುದು. ಅದು ನಿಜವೂ ಹೌದು. ಆದರೆ ಆ ಸಂಪರ್ಕದ ಕೇಂದ್ರಗಳಾಗಿದ್ದ ಪುಣೆಯ ಕಡೆಯ ಮರಾಠಿಯಲ್ಲಿ ಈ ಪ್ರಯೋಗವಿಲ್ಲವೆಂಬುದನ್ನು ಆಗಲೇ ನೋಡಿದೆವು. ಮರಾಠಿಯಲ್ಲಿ ಅದು ಇರುವುದು ಎಲ್ಲಿ? ಲಾತೂರ, ಉದಗೀರಗಳ ಸುತ್ತಿನ ಆಡುಮರಾಠಿಯಲ್ಲಿ. ಅಲ್ಲಿಯವರು ‘ಕರೂ ಲಾಗ್ಲಾಯ್’ ಎಂಬುದನ್ನು ಸವೆಸಿ ‘ಕರ್ಲಾಲಾಯ್’ ಎಂದು, ‘ಮಾಡುತ್ತಿದ್ದಾನೆ’ ಎಂಬ ಅರ್ಥದಲ್ಲಿ ಬಳಸುತ್ತಾರೆ. ಉದಗೀರವು ೧೯೫೬ರವರೆಗೆ ಬೀದರ್ ಜಿಲ್ಲೆಯ ತಾಲೂಕೇ ಆಗಿದ್ದಿತೆಂಬುದನ್ನು ಇಲ್ಲಿ ಸ್ಮರಿಸಬೇಕು. ಕನ್ನಡದಲ್ಲಿ ಗಡಿಯಿಂದ ಬಹುದೂರದವರೆಗೆ ಹಬ್ಬಿರುವ ಪ್ರಯೋಗವೊಂದು ಮರಾಠಿಯಲ್ಲಿ ಗಡಿಯ ನೆರೆಹೊರೆಯಲ್ಲಿ ಮಾತ್ರ ಕಾಣುವುದಾದರೆ, ಅದು ಕನ್ನಡದಿಂದ ಮರಾಠಿಗೆ ಹೋಗಿರುವ ಸಂಭವವೇ ಹೆಚ್ಚು. ಪ್ರಚಲಿತ ಅಭಿಪ್ರಾಯ ಹೇಳುವ ದಿಕ್ಕಿಗೆ ಇದು ನೇರ ವಿರುದ್ಧವಾದುದು.

ಹಾಗೆಂದು ನೆರೆಯ ಭಾಷೆಗಳ ಪ್ರಭಾವವನ್ನೇ ಅಲ್ಲಗಳೆಯುವುದು ಇನ್ನೊಂದು ಅತಿರೇಕವಾದೀತು. ‘ನೌಕರಿಗಿ ಹತ್ಯಾನ’ ಎಂಬ ಮಾತಿನಲ್ಲಿ ‘ನೌಕರಿ’ಯೇ ಪಾರಸಿಯಿಂದ ಬಂದ ಶಬ್ದ; ಅದರೊಡನೆ ‘ಲಾಗ್ಣೆ’ಯ ನಡೆಯೂ ಬಂದು, ಇದ್ದ ಅರ್ಥಕ್ಕೆ ಒತ್ತಾಸೆಯಾಗಿರಬಹುದು. ಆರಂಭಾರ್ಥದಲ್ಲಿ ಮೂರೂ ಭಾಷೆಗಳು ಒಂದೇ ಬಗೆಯ ಧಾತುವನ್ನು ಬಳಸುವುದರಿಂದ ಪರಸ್ಪರ ಪೋಷಣೆ ಸಹಜವಾದುದು. ಬಹಮನಿಗಳ ರಾಜಧಾನಿಯಾದ ೧೫ನೆಯ ಶತಮಾನದಿಂದ ೧೯೪೮ರವರೆಗೆ ಬೀದರಿನ ಆಡಳಿತ ಭಾಷೆ ಮೊದಲು ಪಾರಸಿ, ಅನಂತರ ಉರ್ದು ಆಗಿದ್ದಿತು. ಪೇಟೆಯಲ್ಲಿ ದಖನಿ, ಮರಾಠಿ, ತೆಲುಗು, ಕನ್ನಡಗಳು ಒಟ್ಟಿಗೆ ನಡೆಯುತ್ತಿದ್ದುವು. ಹೀಗೆ ಅಕ್ಕಪಕ್ಕದಲ್ಲಿ ಬಾಳಿದ ಭಾಷೆಗಳು ಒಂದನ್ನೊಂದು ಮುಟ್ಟದೆ ಉಳಿದಿದ್ದರೆ ಅದೇ ಆಶ್ಚರ್ಯವಾಗುತ್ತಿತ್ತು.

೬

ಈ ಹಿನ್ನೆಲೆಯಲ್ಲಿ ವಿದ್ವಾಂಸರ ಎರಡು ಬಗೆಯ ಕೆಲಸಗಳನ್ನು ವಿಮರ್ಶಿಸುವುದು ಅಗತ್ಯವಾಗಿದೆ. ಕಿಟ್ಟೆಲ್ ಅವರು ೧೮೯೪ರಲ್ಲಿ ಮಂಗಳೂರಿನಲ್ಲಿ ಪ್ರಕಟಿಸಿದ ನಿಘಂಟು ಮೊದಲ್ಗೊಂಡು, ಕನ್ನಡ ಸಾಹಿತ್ಯ ಪರಿಷತ್ತು ೧೯೭೦ರಿಂದ ೧೯೯೫ರವರೆಗೆ ಎಂಟು ಸಂಪುಟಗಳಲ್ಲಿ ಹೊರತಂದ ಬೃಹನ್ನಿಘಂಟಿನವರೆಗೆ ನಮ್ಮ ಕೋಶಕಾರರ ಪರಿಶ್ರಮ ಸ್ತುತ್ಯವಾದುದು. ಆದರೆ ಅರ್ಥಗಳಿಗೆ ಸಂಖ್ಯೆ ಕೊಟ್ಟು ಸಾಲಾಗಿ ಜೋಡಿಸುವ ಕೋಶಪದ್ಧತಿಗೆ ತನ್ನದೇ ಮಿತಿಯಿದೆ. ಯಾವ ಅರ್ಥ ಯಾವುದರಿಂದ ಹೊಮ್ಮಿತು, ಯಾವ ಸೀಮೆಯಲ್ಲಿ ಜೀವಂತವಾಗಿದೆ ಎಂಬುದು ಆ ಸಾಲಿನಿಂದ ಸ್ಪಷ್ಟವಾಗುವುದಿಲ್ಲ. ಗ್ರಂಥಗಳನ್ನು ಮುಖ್ಯ ಆಕರವಾಗಿ ಇಟ್ಟುಕೊಂಡ ನಿಘಂಟಿಗೆ ‘ಉಣ್ಲತ್ತಾನ’ದಂಥ ರೂಪ ನಿಲುಕುವುದೂ ಕಷ್ಟ. ನಿಘಂಟಿನ ಮೌನವನ್ನು ಅಶುದ್ಧತೆಯ ತೀರ್ಪೆಂದು ಓದುಗರು ಗ್ರಹಿಸುವುದು ಇಲ್ಲಿಂದಲೇ ಆರಂಭವಾಗುತ್ತದೆ.

ಇನ್ನೊಂದು, ಭಾಷಾಸಂಪರ್ಕದ ಅಧ್ಯಯನ. ಎಮೆನೋ ಅವರು ೧೯೫೬ರಲ್ಲಿ ಭಾರತವನ್ನು ಒಂದು ಭಾಷಾಕ್ಷೇತ್ರವೆಂದು ಪ್ರತಿಪಾದಿಸಿದರು. ಗಂಪರ್ಜ್ ಮತ್ತು ವಿಲ್ಸನ್ ಅವರು ಸಾಂಗಲಿ ಜಿಲ್ಲೆಯ ಕುಪವಾಡ ಗ್ರಾಮದ ಕನ್ನಡ, ಮರಾಠಿ, ಉರ್ದುಗಳ ಬಗ್ಗೆ ೧೯೭೧ರಲ್ಲಿ ಪ್ರಕಟಿಸಿದ ಪ್ರಬಂಧವು, ಶಬ್ದಗಳು ಬೇರೆಯಾಗಿದ್ದರೂ ವಾಕ್ಯರಚನೆಗಳು ಒಂದೇ ಅಚ್ಚಿಗೆ ಇಳಿದಿರುವುದನ್ನು ತೋರಿಸಿ ಪ್ರಸಿದ್ಧವಾಯಿತು. ಬೆರಕೆಯೆಂಬುದು ಅವ್ಯವಸ್ಥೆಯಲ್ಲ, ಅದಕ್ಕೂ ನಿಯಮವಿದೆ ಎಂದು ತೋರಿಸಿಕೊಟ್ಟುದು ಆ ಪ್ರಬಂಧದ ದೊಡ್ಡ ಉಪಕಾರ. ಆದರೆ ಅದನ್ನು ಬೀದರಿಗೆ ಅನ್ವಯಿಸುವವರು ಒಂದು ಎಚ್ಚರ ವಹಿಸಬೇಕು. ಸಮೀಕರಣದ ತತ್ತ್ವವು ಎರಡು ಭಾಷೆಗಳು ಒಂದಾಗಿರುವುದನ್ನು ಹೇಳುತ್ತದೆ. ಯಾವುದು ಕೊಟ್ಟಿತು, ಯಾವುದು ಪಡೆಯಿತು ಎಂಬುದನ್ನು ತಾನಾಗಿ ಹೇಳುವುದಿಲ್ಲ. ಅದಕ್ಕೆ ಗಡಿಯ ಒಳಗಿನ ರೂಪಗಳ ಜೊತೆಗೆ ಗಡಿಯಿಂದ ದೂರದ ರೂಪಗಳನ್ನೂ ತೂಗಿ ನೋಡಬೇಕು. ಈ ತೂಕ ಮಾಡದೆ, ಅಲ್ಪಪ್ರತಿಷ್ಠೆಯ ಭಾಷೆಯೇ ಯಾವಾಗಲೂ ಸಾಲಗಾರನೆಂದು ಊಹಿಸುವುದು ಶಾಸ್ತ್ರಸಮ್ಮತವಲ್ಲ.

ಆ ಊಹೆಗೆ ಕಾರಣ ಭಾಷೆಯಲ್ಲಿಲ್ಲ, ಇತಿಹಾಸದಲ್ಲಿದೆ. ನಿಜಾಮರ ಆಳ್ವಿಕೆಯಲ್ಲಿ ಶಿಕ್ಷಣದ ಮಾಧ್ಯಮ ಉರ್ದುವಾಗಿದ್ದಾಗ ಈ ಸೀಮೆಯ ಕನ್ನಡಕ್ಕೆ ಪಾಠಶಾಲೆಯಲ್ಲಿ ಸ್ಥಾನವಿರಲಿಲ್ಲ. ಹೊರಗೆ ಉರ್ದು ಫಲಕ ತೂಗುಹಾಕಿ ಒಳಗೆ ಕನ್ನಡ ಕಲಿಸಿದರೆಂದು ಭಾಲ್ಕಿ ಹಿರೇಮಠದ ಚನ್ನಬಸವ ಪಟ್ಟದ್ದೇವರನ್ನು ಜನರು ಇಂದಿಗೂ ನೆನೆಯುತ್ತಾರೆ. ೧೯೫೬ರ ಅನಂತರ ಕನ್ನಡ ಶಾಲೆ ಬಂದಿತು. ಪುಸ್ತಕದ ಕನ್ನಡವೂ ಬಂದಿತು. ಆದರೆ ಮನೆಯ ಕನ್ನಡಕ್ಕೆ ಮಾತ್ರ ಶಾಲೆಯ ಬಾಗಿಲು ಪೂರ್ತಿಯಾಗಿ ತೆರೆಯಲಿಲ್ಲ. ಮೊದಲು ಅದು ರಾಜಭಾಷೆಯಲ್ಲವೆಂದು ಹೊರಗಿತ್ತು. ಈಗ ಶುದ್ಧಭಾಷೆಯಲ್ಲವೆಂದು ಹೊರಗಿದೆ. ತನ್ನ ತಾಯಿ ಆಡುವ ಮಾತು ಮರಾಠಿಯ ತರ್ಜುಮೆಯೆಂದು ಗುರುಗಳ ಬಾಯಿಂದ ಕೇಳಿದ ಔರಾದಿನ ಬಾಲಕನಿಗೆ ತಾನು ಯಾವ ನಾಡಿನವನೆಂಬ ಸಂದೇಹ ಹುಟ್ಟಿದರೆ ತಪ್ಪು ಅವನದಲ್ಲ.

ಮೇಲಿನ ವಿವೇಚನೆಯಿಂದ ನಿಷ್ಪನ್ನವಾಗುವುದು ಇಷ್ಟು. ‘ಹತ್ತು’ವಿನ ಎಂಟು ಅರ್ಥಗಳಲ್ಲಿ ಮೊದಲ ಐದು ಕನ್ನಡದ ಇತರ ಸೀಮೆಗಳಲ್ಲಿಯೋ ಸೋದರಭಾಷೆಗಳಲ್ಲಿಯೋ ಸಮರ್ಥನೆ ಪಡೆಯುತ್ತವೆ. ಸೇರುವುದು ಮತ್ತು ಆರಂಭಿಸುವುದು ಎಂಬ ಎರಡಕ್ಕೆ ಬೇರು ನಮ್ಮದಾಗಿದ್ದು ನೆರೆಯವರ ನೀರು ದೊರೆತಿದೆ. ನಡೆಯುತ್ತಿರುವ ಕ್ರಿಯೆಯನ್ನು ಹೇಳುವ ಎಂಟನೆಯದು ಕನ್ನಡದಲ್ಲಿಯೇ ಬೆಳೆದು, ಗಡಿಯ ಮರಾಠಿಗೂ ಹಬ್ಬಿರುವಂತೆ ತೋರುತ್ತದೆ. ಹೀಗಿರುವಾಗ ಈ ಸೀಮೆಯ ಅಧ್ಯಾಪಕರು ‘ಉಣ್ಲತ್ತಾನ’ವನ್ನು ಅಳಿಸಿ ‘ಉಣ್ಣುತ್ತಿದ್ದಾನೆ’ ಎಂದು ಬರೆಯಿಸುವಾಗ, ಮೊದಲನೆಯದು ಮನೆಯ ರೂಪ, ಎರಡನೆಯದು ಗ್ರಂಥದ ರೂಪ ಎಂದು ಹೇಳಿ ಎರಡನ್ನೂ ಕಲಿಸುವುದು ಯುಕ್ತವಾದೀತು. ಗಡಿಯ ಚರಿತ್ರೆಯನ್ನು ಬರೆಯುವವರು ಕೂಡ ಒಂದು ಶಬ್ದದ ಹೋಲಿಕೆಯನ್ನು ಕಂಡೊಡನೆ ಒಡೆತನದ ತೀರ್ಮಾನಕ್ಕೆ ಬರದೆ, ಆ ಶಬ್ದ ಗಡಿಯ ಎರಡೂ ಕಡೆ ಎಷ್ಟು ದೂರ ಹರಡಿದೆಯೆಂದು ಮೊದಲು ಅಳೆಯಬೇಕು.